ಗರುಡನ ಬಾಲ ನೋಡಿದೀರಾ?

ಹೋದ ವರ್ಷ ಒಂದು ರಥೋತ್ಸವದಲ್ಲಿ ನಿಂತಿದ್ದೆ, ಮಧ್ಯಾಹ್ನ ಹನ್ನೆರಡರ ಹತ್ತಿರ ಟೈಮು, ಬಿಸಿಲು ಅಂದ್ರೆ ಬಿಸಿಲು. ಜನ ಎಲ್ಲ ಮಿಣಿ ಹಿಡ್ಕೊಂಡು ರೆಡಿ, ಕೈಲಿ ಹಣ್ಣು ಜವನ, ದೇವರು ಆಗ್ಲೇ ರಥದಲ್ಲಿ ಕೂತಾಗಿದೆ, ಆದ್ರೂ ರಥ ಎಳೀತಿಲ್ಲ, ಎಲ್ಲರ ಕಣ್ಣೂ ಆಕಾಶದ ಕಡೆ. ಗರುಡ ಬರಬೇಕು. ಗರುಡ ಬಂದು ರಥದ ಮೇಲೆ ಒಂದು ಸುತ್ತು ಹಾಕಿದ ಮೇಲೇ ಎಳೆಯೋದು, ನಮ್ಮ ಕಡೆ ಎಷ್ಟೋ ದೇವಸ್ಥಾನಗಳಲ್ಲಿ ಇದೇ ಪದ್ಧತಿ. ಅಷ್ಟರಲ್ಲಿ ಯಾರೋ "ಅಗೋ ಬಂತು, ಬಂತು" ಅಂತ ಕೂಗಿದ್ರು, ಸಾವಿರ ಕೈ ಒಟ್ಟಿಗೆ ಮೇಲೆ ಹೋಯ್ತು. ನಾನೂ ತಲೆ ಎತ್ತಿ ನೋಡಿದೆ. ಕಂದು ಬಣ್ಣದ ಹಕ್ಕಿ, ಬಾಲದ ತುದಿ ಮಧ್ಯಕ್ಕೆ ಸೀಳಿದ ಹಾಗೆ. ಹದ್ದು ಅದು.

ಪಕ್ಕದಲ್ಲಿ ಒಬ್ಬರು ಅಜ್ಜಿ ನಿಂತಿದ್ರು, ಕೆನ್ನೆ ಕೆನ್ನೆ ಮುಟ್ಕೊಂಡು "ಕೃಷ್ಣ ಕೃಷ್ಣ" ಅಂತಿದ್ರು. ನಾನು ಸುಮ್ಮನಿರಬೇಕಿತ್ತೇನೋ, ಆದ್ರೆ ಬಾಯಿಗೆ ಬಂದೇಬಿಡ್ತು, "ಅಜ್ಜಿ, ಅದು ಹದ್ದು, ಬಾಲ ನೋಡಿ ಕತ್ತರಿ ಥರ ಇದೆ" ಅಂದೆ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ. ಸೆರಗನ್ನ ಹಣೆಗೆ ಅಡ್ಡ ಹಿಡ್ಕೊಂಡು ಕಣ್ಣು ಕಿರಿದು ಮಾಡಿ ಸರಿಯಾಗಿ ನೋಡಿ, "ಹಂಗಾರೆ ಗರುಡನ ಬಾಲ ಹೆಂಗಿರುತ್ತೆ ಮಗಾ?" ಅಂತ ಕೇಳಿದ್ರು. ಬೀಸಣಿಗೆ ಥರ ದುಂಡಗೆ ಇರುತ್ತೆ ಅಜ್ಜಿ, ಮೈಯೆಲ್ಲ ಕೆಂಪು, ತಲೆ ಎದೆ ಬೆಳ್ಳಗೆ ಅಂದೆ. ಒಂದು ಐದು ನಿಮಿಷ ಆಗಿರಬೇಕು, ಕೆರೆ ಕಡೆಯಿಂದ ನಿಜವಾದ ಗರುಡ ಬಂತು, ರೆಕ್ಕೆ ಅಲ್ಲಾಡಿಸದೇ ಮೇಲೆ ಮೇಲೆ ತಿರುಗ್ತಾ. ಅಜ್ಜಿ ನನ್ನ ಮೊಣಕೈ ಗಟ್ಟಿಯಾಗಿ ಹಿಡ್ಕೊಂಡು "ಬೀಸಣಿಗೆ! ಬೀಸಣಿಗೆ ಬಂತು ನೋಡು!" ಅಂದ್ರು. ಆ ಖುಷಿ ನನಗೆ ಇವತ್ತಿಗೂ ಮರೆತಿಲ್ಲ, ಈ ಪೋಸ್ಟು ಬರೀತಿರೋದೂ ಅದಕ್ಕೇ.

ನಾವು ಇಷ್ಟು ಕೈ ಮುಗಿಯೋ ಹಕ್ಕಿ ಇನ್ನೊಂದಿಲ್ಲ, ಆದ್ರೆ ಇದನ್ನ ನಿಂತು ನೋಡೋರು ಕಮ್ಮಿ. ನನಗೆ ಹತ್ತಾರು ವರ್ಷದಿಂದ ಇದರ ಹುಚ್ಚು, ಕೆರೆ ಏರಿ ಮೇಲೆ, ಮೀನಿನ ಧಕ್ಕೆಯಲ್ಲಿ, ಹೊಳೆ ದಡದಲ್ಲಿ ಎಲ್ಲಿ ಕಂಡ್ರೂ ನಿಂತುಬಿಡ್ತೀನಿ. ನೋಡ್ತಾ ನೋಡ್ತಾ ನನಗೆ ಅನ್ಸಿದ್ದು ಏನಂದ್ರೆ, ಪುರಾಣದ ಗರುಡನ ಕಥೆ ಕಟ್ಟಿದವರು ಈ ಹಕ್ಕಿಯನ್ನ ಬಹಳ ಹತ್ತಿರದಿಂದ ನೋಡಿದ್ರು. ಎಲ್ಲಾ ವಿಷಯದಲ್ಲೂ ಅಲ್ಲ, ಆದ್ರೆ ಕೆಲವು ಕಡೆ ಎಷ್ಟು ಕರೆಕ್ಟಾಗಿ ನೋಡಿದಾರೆ ಅಂದ್ರೆ ಮೈ ಜುಂ ಅನ್ನುತ್ತೆ.

ಗರುಡನ್ನ ಕಂಡಾಗ ಹೇಳೋ ಶ್ಲೋಕ ನಿಮಗೆ ಗೊತ್ತಿರಬಹುದು, ತುಂಬಾ ಮನೆಗಳಲ್ಲಿ ಮಕ್ಕಳಿಗೆ ಕಲಿಸ್ತಾರೆ: "ಕುಂಕುಮಾಂಕಿತ ವರ್ಣಾಯ ಕುಂದೇಂದು ಧವಳಾಯ ಚ, ವಿಷ್ಣುವಾಹ ನಮಸ್ತುಭ್ಯಂ ಪಕ್ಷಿರಾಜಾಯ ತೇ ನಮಃ". ಅರ್ಥ ಬಿಡಿಸಿ ನೋಡಿ. ಕುಂಕುಮದ ಬಣ್ಣದವನೇ, ಮಲ್ಲಿಗೆ ಥರ ಚಂದ್ರನ ಥರ ಬೆಳ್ಳಗಿರೋನೇ. ಪಕ್ಷಿ ಪುಸ್ತಕದಲ್ಲಿ ಗುರುತು ಹಿಡಿಯೋಕೆ ಏನು ಬರೆದಿರ್ತಾರೋ ಅದೇ ಇದು! ರೆಕ್ಕೆ, ಬೆನ್ನು, ಹೊಟ್ಟೆ, ಬಾಲ ಎಲ್ಲ ಕುಂಕುಮಗೆಂಪು, ತಲೆ ಕತ್ತು ಎದೆ ಬಿಳುಪು. ಇದನ್ನ ಬರೆದವರ ಕಣ್ಣ ಮುಂದೆ ಯಾವ ಹಕ್ಕಿ ಇತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ, ನಮ್ಮ ದೇಶದಲ್ಲಿ ಈ ಎರಡು ಬಣ್ಣ ಹೀಗೆ ಹಂಚಿಕೊಂಡಿರೋ ಬೇಟೆ ಹಕ್ಕಿ ಇನ್ನೊಂದಿಲ್ಲ. ರೆಕ್ಕೆ ತುದಿಯ ಕಪ್ಪನ್ನ ಮಾತ್ರ ಶ್ಲೋಕ ಬಿಟ್ಟಿದೆ.

ಇಂಗ್ಲಿಷಲ್ಲಿ ಬ್ರಾಹ್ಮಿನಿ ಕೈಟ್ ಅಂತಾರೆ, ವಿಜ್ಞಾನದ ಹೆಸರು ಹೇಲಿಯಾಸ್ಟರ್ ಇಂಡಸ್. 1783ರಲ್ಲಿ ಬಾಡರ್ಟ್ ಅನ್ನೋ ಡಚ್ ವಿಜ್ಞಾನಿ ಈ ಹೆಸರಿನ ಇಂಡಸ್ ಅನ್ನೋ ಭಾಗ ಕೊಟ್ಟಿದ್ದು, ಅದಕ್ಕೂ ಮೊದಲು ಯುರೋಪಿನವರು ಇದನ್ನ ಪಾಂಡಿಚೇರಿ ಹದ್ದು ಅಂತ ಬರ್ಕೊಂಡಿದ್ರು. ಹತ್ತಿರದ ಸಂಬಂಧಿ ಅಂದ್ರೆ ಆಸ್ಟ್ರೇಲಿಯಾ ಕಡೆಯ ವಿಸ್ಲಿಂಗ್ ಕೈಟ್, ಆಮೇಲೆ ಕಡಲ ಹದ್ದುಗಳೂ ನೆಂಟರೇ. ಪಾಕಿಸ್ತಾನದಿಂದ ಹಿಡಿದು ಭಾರತ, ಶ್ರೀಲಂಕಾ, ಬಾಂಗ್ಲಾ, ಮಲೇಷಿಯಾ, ಇಂಡೋನೇಷಿಯಾ ದಾಟ್ಕೊಂಡು ಆಸ್ಟ್ರೇಲಿಯಾವರೆಗೂ ಇದೆ. ಉದ್ದ ಸುಮಾರು 45ರಿಂದ 50 ಸೆಂಟಿಮೀಟರ್, ತೂಕ ಅರ್ಧ ಕೆಜಿ ಆಸುಪಾಸು ಅಷ್ಟೇ. ಹೌದು, ಅರ್ಧ ಕೆಜಿ. ಆನೆ ಆಮೆ ಎರಡನ್ನೂ ಒಂದೊಂದು ಕಾಲಲ್ಲಿ ಹಿಡ್ಕೊಂಡು ಹಾರಿದ ಪುರಾಣದ ಗರುಡನ್ನ ಕೇಳಿ ಬೆಳೆದವರಿಗೆ ಇದು ಕಮ್ಮಿ ಅನ್ಸಬಹುದು, ನನಗಂತೂ ಇಷ್ಟು ಹಗುರ ಇರೋ ಜೀವ ಗಾಳಿ ಮೇಲೆ ಹಾಗೆ ಕೂತಿರೋದು ನೋಡಿದ್ರೆ ಇನ್ನೂ ಪ್ರೀತಿ ಬರುತ್ತೆ.

ಹತ್ತಿರದಿಂದ ನೋಡಬೇಕು ಅಂದ್ರೆ ಮಲ್ಪೆಗೆ ಹೋಗಿ. ಅಥವಾ ಮಂಗಳೂರು ಧಕ್ಕೆ, ಗಂಗೊಳ್ಳಿ, ಕಾರವಾರ, ಕರಾವಳಿಯ ಯಾವ ಮೀನುಗಾರಿಕೆ ಬಂದರಾದ್ರೂ ಆಯ್ತು. ಬೆಳಿಗ್ಗೆ ಬೋಟುಗಳು ಬಂದು ಮೀನು ಇಳಿಸ್ತಿರ್ತಾರೆ, ಬುಟ್ಟಿಯಿಂದ ಜಾರಿದ ಬೂತಾಯಿ ಬಂಗುಡೆ ನೀರಲ್ಲಿ ತೇಲ್ತಿರುತ್ತೆ, ಮೇಲೆ ಹದ್ದುಗಳ ಜೊತೆ ಗರುಡಗಳೂ ಸುತ್ತುತ್ತಿರ್ತವೆ. ನಾನೊಂದು ಸಲ ಎರಡು ಬೋಟುಗಳ ನಡುವಿನ ಇಕ್ಕಟ್ಟು ನೀರನ್ನೇ ನೋಡ್ತಾ ನಿಂತಿದ್ದೆ, ಒಂದು ಗರುಡ ಮೇಲಿಂದ ವಾಲ್ಕೊಂಡು ಬಂತು, ನೀರಿಗೆ ಬೀಳಲಿಲ್ಲ, ಮುಳುಗಲಿಲ್ಲ, ಕಾಲು ಮಾತ್ರ ಮುಂದಕ್ಕೆ ಚಾಚಿ ನೀರಿನ ಮೇಲ್ಮೈ ಸವರಿದ ಹಾಗೆ ಮಾಡ್ತು, ಒಂದು ಬೂತಾಯಿ ಕಾಲಲ್ಲಿತ್ತು. ನೀರಲ್ಲಿ ಒಂದು ಸಣ್ಣ ಗೀಟು ಬಿತ್ತು ಅಷ್ಟೇ. ಆಮೇಲೆ ಹಾರ್ತಾ ಹಾರ್ತಾನೇ ಕಾಲನ್ನ ಕೊಕ್ಕಿನ ಹತ್ತಿರ ತಂದು, ತಲೆ ಬಗ್ಗಿಸಿ ಕಿತ್ತು ಕಿತ್ತು ತಿಂತಾ ಹೋಯ್ತು. ನನ್ನ ತಲೆ ಮೇಲೆ ಹೋಗುವಾಗ ಬೈನಾಕ್ಯುಲರ್ ಬೇಕಾಗಿರಲಿಲ್ಲ, ದೂರದಿಂದ ಅಚ್ಚ ಬಿಳುಪು ಕಾಣೋ ಎದೆಯಲ್ಲಿ ಪ್ರತಿಯೊಂದು ಗರಿಗೂ ಪೆನ್ಸಿಲಲ್ಲಿ ಎಳೆದ ಹಾಗೆ ಒಂದೊಂದು ಸಣ್ಣ ಕಪ್ಪು ಗೆರೆ ಇರೋದು ಆವತ್ತೇ ಕಂಡಿದ್ದು. ಈ ಗೆರೆ ನಮ್ಮ ಕಡೆಯ ಗರುಡಗಳಲ್ಲಿ ಚೆನ್ನಾಗಿ ಕಾಣುತ್ತೆ, ಪೂರ್ವಕ್ಕೆ ಹೋಗ್ತಾ ಹೋಗ್ತಾ ಕಮ್ಮಿಯಾಗಿ ಆಸ್ಟ್ರೇಲಿಯಾದ ಹಕ್ಕಿಗಳಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

ಈಗ ಕೆಲವರಿಗೆ ಇಷ್ಟ ಆಗದ ಮಾತು. ಗರುಡನ ಮುಖ್ಯ ಊಟ ಹಾವಲ್ಲ. ಸತ್ತ ಮೀನು, ಏಡಿ, ಕಪ್ಪೆ, ಇಲಿ, ದೊಡ್ಡ ಹುಳ ಹುಪ್ಪಟೆ, ಕಸಾಯಿಖಾನೆಯ ತುಣುಕು, ಸಿಕ್ಕಿದ್ರೆ ಸಣ್ಣ ಹಾವೂ ಸೈ. ಮಳೆ ಶುರುವಾದಾಗ ಹುತ್ತದಿಂದ ರೆಕ್ಕೆ ಬಂದ ಗೆದ್ದಲು ಹೊಗೆ ಥರ ಮೇಲೆದ್ದಾಗ ಅದನ್ನೂ ಗಾಳಿಯಲ್ಲೇ ಹಿಡೀತವೆ. ಹುತ್ತದ ಮೇಲೆ ಗರುಡ ಸುತ್ತುತ್ತಿದ್ರೆ ಒಳಗೆ ಹಾವಿದೆ ಅಂತ ನಾವು ಅಂದ್ಕೋತೀವಲ್ಲ, ಎಷ್ಟೋ ಸಲ ಈ ಗೆದ್ದಲಿಗೆ ಬಂದಿರುತ್ತೆ. ನಿಜವಾಗ್ಲೂ ಹಾವನ್ನೇ ನಂಬ್ಕೊಂಡು ಬದುಕೋದು ಬೇರೆ ಹಕ್ಕಿ, ಕಾಡಂಚಲ್ಲಿ ಇರುತ್ತಲ್ಲ ಕ್ರೆಸ್ಟೆಡ್ ಸರ್ಪೆಂಟ್ ಈಗಲ್ ಅಂತ, ತಲೆ ಹಿಂದೆ ಜುಟ್ಟು, ಹಳದಿ ಕಣ್ಣು, ಅದು. ಅದರ ಪರಾಕ್ರಮ, ಇದರ ಬಣ್ಣ, ಎರಡೂ ಸೇರಿ ಪುರಾಣದ ಗರುಡ ಆಗಿರಬೇಕು ಅನ್ನೋದು ನನ್ನ ಲೆಕ್ಕಾಚಾರ.

ಇನ್ನೊಂದು, ಗರುಡ ಕಿತ್ಕೊಂಡು ತಿನ್ನೋದ್ರಲ್ಲಿ ಎತ್ತಿದ ಕೈ. ಬೇರೆ ಹಕ್ಕಿ ಮೀನು ಹಿಡ್ಕೊಂಡು ಹೋಗ್ತಿದ್ರೆ ಬೆನ್ನು ಹತ್ತಿ, ಮೇಲಿಂದ ಕೆಳಗಿಂದ ಕಾಟ ಕೊಟ್ಟು ಕೈಬಿಡೋ ಹಾಗೆ ಮಾಡಿ, ಬೀಳ್ತಿರೋ ಮೀನನ್ನ ಗಾಳಿಯಲ್ಲೇ ಹಿಡಿಯುತ್ತೆ. ಇದನ್ನ ಮೊದಲನೇ ಸಲ ನೋಡಿದಾಗ ನನಗೆ ತಕ್ಷಣ ನೆನಪಾಗಿದ್ದು ಅಮೃತದ ಕಥೆ. ಗರುಡ ಅಂದ್ರೆ ಏನು ಹೇಳಿ, ದೇವತೆಗಳ ಕೈಯಿಂದ ಅಮೃತದ ಕಲಶ ಕಿತ್ಕೊಂಡು ಹಾರಿದವನು ತಾನೇ!

ಆ ಕಥೆ ಮಹಾಭಾರತದ ಆದಿಪರ್ವದಲ್ಲಿದೆ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಗೊತ್ತು, ಆದ್ರೆ ಹಕ್ಕಿ ನೋಡೋರ ಕಣ್ಣಲ್ಲಿ ಮತ್ತೊಂದ್ಸಲ ಓದಿ ನೋಡಿ. ಕಶ್ಯಪನಿಗೆ ಕದ್ರು, ವಿನತೆ ಅಂತ ಇಬ್ಬರು ಹೆಂಡತಿಯರು. ಕದ್ರು ಸಾವಿರ ಮಕ್ಕಳನ್ನ ಕೇಳಿದ್ಳು, ಸಾವಿರ ಮೊಟ್ಟೆ, ಸಾವಿರ ನಾಗಗಳು. ವಿನತೆ ಕೇಳಿದ್ದು ಎರಡೇ, ಎರಡೇ ಮೊಟ್ಟೆ. ಐನೂರು ವರ್ಷ ಆದ್ಮೇಲೆ ಸವತಿಯ ಮೊಟ್ಟೆ ಎಲ್ಲ ಒಡೆದು ಮಕ್ಕಳಾದ್ವು, ತನ್ನದಿನ್ನೂ ಆಗಿಲ್ಲ ಅಂತ ತಡೆಯೋಕಾಗದೇ ವಿನತೆ ಒಂದನ್ನ ಒಡೆದುಬಿಟ್ಳು. ಒಳಗಿದ್ದ ಅರುಣನಿಗೆ ಸೊಂಟದ ಕೆಳಗೆ ಇನ್ನೂ ಬೆಳೆದೇ ಇರಲಿಲ್ಲ. ಅವನು ತಾಯಿಗೆ ಶಾಪ ಕೊಟ್ಟು ಸೂರ್ಯನ ಸಾರಥಿಯಾಗಿ ಹೋದ, ಎರಡನೇ ಮೊಟ್ಟೆಯನ್ನಾದ್ರೂ ಕಾಯಿ ಅಂದ. ಅವಳು ಕಾದಳು, ಗರುಡ ಹುಟ್ಟಿದ.

ಗರುಡನ ಗೂಡಲ್ಲಿ ಸಾಮಾನ್ಯವಾಗಿ ಎಷ್ಟು ಮೊಟ್ಟೆ ಇರುತ್ತೆ ಗೊತ್ತಾ? ಎರಡು. ಮಾಸಲು ಬಿಳಿ, 26-27 ದಿನ ಕಾವು. ಎಷ್ಟೋ ಬೇಟೆ ಹಕ್ಕಿಗಳು ಹೀಗೇ, ಒಂದೋ ಎರಡೋ ಇಟ್ಟು ಮರಿ ಹಾರೋವರೆಗೂ ತಿಂಗಳುಗಟ್ಲೆ ಕಾಯ್ತವೆ, ಎಷ್ಟೋ ಹಾವುಗಳು ರಾಶಿ ಇಟ್ಟು ಹೋಗ್ತವೆ. ಕಥೆ ಹೇಳಿದವರಿಗೆ ಇದು ಗೊತ್ತಿತ್ತು ಅಂತ ನಾನು ನಂಬ್ತೀನಿ. ಎರಡೇ ಮೊಟ್ಟೆ ಇಟ್ಟು ಕೂತಿರೋ ತಾಯಿಗೆ ಒಂದು ಕೆಟ್ಟುಹೋದ್ರೆ ಏನು ಅನ್ಸುತ್ತೆ ಅನ್ನೋದರ ಮೇಲೇ ಆ ಕಥೆ ನಿಂತಿದೆ.

ಮುಂದಿನದ್ದು ನಿಮಗೆ ಗೊತ್ತು. ಉಚ್ಚೈಃಶ್ರವಸ್ ಕುದುರೆಯ ಬಾಲ ಕಪ್ಪೋ ಬಿಳಿಯೋ ಅಂತ ಪಂಥ, ಹಾವುಗಳು ಕೂದಲಾಗಿ ಬಾಲಕ್ಕೆ ಅಂಟ್ಕೊಂಡು ಮೋಸ, ವಿನತೆ ದಾಸಿಯಾದ್ಳು. ತಾಯಿಯನ್ನ ಬಿಡಿಸ್ಕೊಳ್ಳೋಕೆ ಗರುಡ ಅಮೃತ ತರಬೇಕು. ಇದರಲ್ಲಿ ನನಗೆ ತುಂಬಾ ಇಷ್ಟವಾಗೋ ಜಾಗಗಳು ಎರಡು. ಒಂದು, ಕಲಶ ಕೈಲಿದ್ರೂ ಗರುಡ ಒಂದು ಹನಿ ಬಾಯಿಗೆ ಹಾಕ್ಕೊಳ್ಳಲ್ಲ, ವಿಷ್ಣು ಮೆಚ್ಚಿದ್ದು ಅದಕ್ಕೇ, ವಾಹನ ಆಗಿದ್ದೂ ಅಲ್ಲಿಂದಲೇ. ಎರಡನೇದು, ಇಂದ್ರ ವಜ್ರಾಯುಧ ಎಸೆದಾಗ ಗರುಡನಿಗೆ ಏನೂ ಆಗಲ್ಲ, ಆದ್ರೆ ವಜ್ರ ಒಬ್ಬ ಋಷಿಯ ಮೂಳೆಯಿಂದ ಆಗಿದ್ದು, ಅದಕ್ಕೆ ಮರ್ಯಾದೆ ಕೊಡಬೇಕು ಅಂತ ತಾನೇ ಒಂದೇ ಒಂದು ಗರಿ ಉದುರಿಸ್ತಾನೆ. ಆ ಗರಿಯ ಚೆಂದ ನೋಡಿ ಸುಪರ್ಣ ಅಂತ ಹೆಸರು ಬಂತು. ಕೆರೆ ದಂಡೆಯಲ್ಲಿ ಕೆಂಪು ಗರಿ ಬಿದ್ದಿದ್ರೆ ನನಗೆ ಆ ಸಾಲು ನೆನಪಾಗದೇ ಇರಲ್ಲ. (ಸಿಕ್ಕ ಗರಿಯನ್ನ ಮನೆಗೆ ತರಬೇಡಿ, ಅಲ್ಲೇ ಬಿಡಿ, ವನ್ಯಜೀವಿ ಕಾಯ್ದೆ ಇದೆ.)

ಆಮೇಲೆ ಹಾವುಗಳ ಪಾಲಿಗೆ ದರ್ಭೆ. ಗರುಡ ಕಲಶವನ್ನ ದರ್ಭೆ ಮೇಲೆ ಇಟ್ಟ, ಹಾವುಗಳು ಸ್ನಾನ ಮಾಡ್ಕೊಂಡು ಬರೋ ಅಷ್ಟರಲ್ಲಿ ಇಂದ್ರ ಎತ್ಕೊಂಡು ಹೋದ, ಅವು ದರ್ಭೆಯನ್ನೇ ನೆಕ್ಕಿ ನಾಲಿಗೆ ಸೀಳ್ಕೊಂಡ್ವು. ನಮ್ಮಲ್ಲಿ ನಾಗರಪಂಚಮಿ ದಿನವೇ ಗರುಡಪಂಚಮಿಯೂ ಬರೋದು, ಶ್ರಾವಣ ಶುದ್ಧ ಪಂಚಮಿ. ಒಂದೇ ದಿನ ಹಾವಿಗೂ ಹಾವಿನ ವೈರಿಗೂ ಪೂಜೆ. ಅಕ್ಕತಂಗಿಯರ ಜಗಳದಲ್ಲಿ ಯಾರ ಪಕ್ಷವನ್ನೂ ವಹಿಸದ ಹಬ್ಬ ಇದು, ನನಗೆ ಬಹಳ ಹಿಡಿಸುತ್ತೆ.

ಕರ್ನಾಟಕದ ಮಟ್ಟಿಗೆ ಗರುಡ ಅನ್ನೋ ಪದ ಎಷ್ಟು ಕಡೆ ಹರಡಿದೆ ಅಂದ್ರೆ ಹುಡುಕೋಕೆ ಕೂತ್ರೆ ಮುಗಿಯಲ್ಲ. ದೇವಸ್ಥಾನದ ಮುಂದಿನ ಗರುಡಗಂಬ ಇದೆ, ದಾಸಯ್ಯಂದಿರು ಶಂಖ, ಜಾಗಟೆ, ಬವನಾಸಿ (ಭಿಕ್ಷೆಯ ಪಾತ್ರೆ) ಜೊತೆ ಹಿಡ್ಕೊಂಡು ಬರೋ ದೀಪದ ಕಂಬಕ್ಕೂ ಗರುಡಗಂಬ ಅಂತಲೇ ಹೆಸರು. ಮೇಲುಕೋಟೆ ವೈರಮುಡಿ ಕಥೆಯಲ್ಲೂ ಅವನೇ, ಕ್ಷೀರಸಾಗರದಲ್ಲಿ ಮಲಗಿದ್ದ ನಾರಾಯಣನ ಕಿರೀಟವನ್ನ ವಿರೋಚನ ಕದ್ದು ಪಾತಾಳಕ್ಕೆ ಒಯ್ದಾಗ ಹೋಗಿ ಗೆದ್ದು ತಂದವನು ಗರುಡ, ಇವತ್ತಿಗೂ ಚೆಲುವನಾರಾಯಣ ಆ ಕಿರೀಟ ಇಟ್ಕೊಂಡು ರಾತ್ರಿ ಹೊರಡೋದು ಗರುಡವಾಹನದ ಮೇಲೇ.

ಆದ್ರೆ ಇವೆಲ್ಲಕ್ಕಿಂತ ನನ್ನನ್ನ ಕಾಡಿದ ಗರುಡ ಹಳೇಬೀಡಿನಲ್ಲಿದೆ. ಹೊಯ್ಸಳೇಶ್ವರ ದೇವಸ್ಥಾನದ ಹೊರಗೆ ಒಂದು ಕಂಬ, ಟೂರಿಸ್ಟ್‌ಗಳು ಸಾಮಾನ್ಯವಾಗಿ ಅದರ ಪಕ್ಕವೇ ನಡ್ಕೊಂಡು ಹೋಗಿಬಿಡ್ತಾರೆ, ಒಳಗಿನ ಶಿಲ್ಪ ನೋಡೋ ಅವಸರ. ಹೊಯ್ಸಳರ ಕಾಲದಲ್ಲಿ ರಾಜನ ಜೊತೆಗೇ ಬದುಕಿ ರಾಜನ ಜೊತೆಗೇ ಸಾಯ್ತೀವಿ ಅಂತ ಮಾತು ಕೊಟ್ಟ ಅಂಗರಕ್ಷಕರನ್ನ ಗರುಡರು ಅಂತಿದ್ರು. ವಿಷ್ಣುವಿಗೆ ಗರುಡ ಹೇಗೋ ರಾಜನಿಗೆ ಇವರು ಹಾಗೆ. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರ್ಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಅವನ ಹೆಂಡತಿ, ಅವನ ಜೊತೆಯವರು ಪ್ರಾಣ ಕೊಟ್ರು, ಆ ಕಥೆ ಹೇಳೋ ಕಂಬ ಅದು. ಅದರ ಮೇಲೆ ಕತ್ತಿ ಹಿಡಿದು ತಮ್ಮನ್ನ ತಾವೇ ಕಡ್ಕೊಳ್ತಿರೋ ವೀರರ ಸಣ್ಣ ಸಣ್ಣ ಉಬ್ಬುಶಿಲ್ಪಗಳಿವೆ, ಶಾಸನ ಪೂರ್ತಿ ಇಲ್ಲ, ಅರ್ಧಕ್ಕೇ ನಿಂತಿದೆ. ನಾನು ಅಲ್ಲಿ ತುಂಬಾ ಹೊತ್ತು ನಿಂತಿದ್ದೆ. ಸ್ವಾಮಿನಿಷ್ಠೆ ದೊಡ್ಡದು ಅಂತ ಹೇಳೋದು ಸುಲಭ, ಆ ಹೆಂಡತಿಯನ್ನ ನೆನೆಸ್ಕೊಂಡ್ರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ದ್ವಾರಸಮುದ್ರದ ಕೆರೆ ಅಲ್ಲೇ ಪಕ್ಕದಲ್ಲಿ. ಆ ಕಾಲದಲ್ಲೂ ಆ ನೀರಿನ ಮೇಲೆ ಈ ಕೆಂಪು ರೆಕ್ಕೆ ತಿರುಗ್ತಾನೇ ಇದ್ದಿರುತ್ತೆ.

ಗಡಿ ದಾಟಿದ್ರೆ ಕೇರಳದಲ್ಲಿ ಇದು ಕೃಷ್ಣಪ್ಪರುಂದು. ಶಬರಿಮಲೆಗೆ ಹೋಗೋರಿಗೆ ಗೊತ್ತಿರುತ್ತೆ, ಪಂದಳದಿಂದ ತಿರುವಾಭರಣದ, ಅಂದ್ರೆ ಅಯ್ಯಪ್ಪನ ಒಡವೆಗಳ ಪೆಟ್ಟಿಗೆ ಹೊರಡೋದು ಇದು ಮೇಲೆ ಸುತ್ತಿದ ಮೇಲೆ, ಎರುಮೇಲಿಯಲ್ಲಿ ಅಂಬಲಪ್ಪುಳದ ತಂಡದವರ ಪೇಟ್ಟತುಳ್ಳಲ್ ಕುಣಿತ ಶುರುವಾಗೋದೂ ಇದು ಕಂಡ ಮೇಲೆ. ಇನ್ನೂ ದೂರ ಹೋದ್ರೆ ಬೋರ್ನಿಯೋದ ಇಬಾನ್ ಜನರ ಯುದ್ಧದ ದೇವರು, ಶಕುನಗಳ ಒಡೆಯ ಸಿಂಗಲಾಂಗ್ ಬುರೊಂಗ್ ಭೂಮಿಗೆ ಬರೋದು ಇದೇ ಹಕ್ಕಿಯ ರೂಪದಲ್ಲಿ, ಬೇರೆ ಶಕುನದ ಹಕ್ಕಿಗಳೆಲ್ಲ ಅವನ ಅಳಿಯಂದಿರು. ಜಕಾರ್ತ ನಗರದ ಲಾಂಛನ ಪ್ರಾಣಿ ಇದು. ಮಲೇಷಿಯಾದ ಲಂಕಾವಿ ದ್ವೀಪದ ಹೆಸರಿಗೇ ಕೆಂಪು ಹದ್ದು ಅನ್ನೋ ಅರ್ಥ ಹೇಳ್ತಾರೆ, ಅಲ್ಲಿ ಸಮುದ್ರದ ದಡದಲ್ಲಿ ಇದರದ್ದೊಂದು ಭಾರೀ ಪ್ರತಿಮೆ ನಿಲ್ಲಿಸಿದಾರೆ.

ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪದ ಒಂದು ಕಥೆ ಮಾತ್ರ ಹೇಳಲೇಬೇಕು. ಒಬ್ಬ ತಾಯಿ ತೋಟದ ಕೆಲಸ ಮಾಡ್ತಾ ಮಗುವನ್ನ ಬಾಳೆಗಿಡದ ಕೆಳಗೆ ಮಲಗಿಸಿರ್ತಾಳೆ, ಮಗು ಅಳ್ತಾ ಅಳ್ತಾ ಮೇಲಕ್ಕೆ ತೇಲಿ ಹೋಗಿ ಈ ಹಕ್ಕಿ ಆಗಿಬಿಡುತ್ತೆ, ಕೊರಳಲ್ಲಿದ್ದ ಸರ ಗರಿಗಳಾಗುತ್ತೆ. ಗರುಡನ ಕೂಗು ಕೇಳಿದೀರಾ? ಇಷ್ಟು ಗಂಭೀರವಾದ ಹಕ್ಕಿಗೆ ಎಂಥ ದೊಡ್ಡ ದನಿ ಇರುತ್ತೋ ಅಂದ್ಕೊಂಡಿರ್ತೀವಿ, ಅದು ಮೂಗಿಂದ ಬಂದ ಹಾಗೆ ಎಳೆದು ಎಳೆದು ಕೂಗುತ್ತೆ, ದೂರದಲ್ಲೆಲ್ಲೋ ಹಸಿದ ಕೂಸು ಅತ್ತ ಹಾಗೆ. ಆ ದ್ವೀಪದ ತಾಯಂದಿರು ಅದನ್ನ ಸರಿಯಾಗಿ ಕೇಳಿಸ್ಕೊಂಡಿದಾರೆ.

ಮತ್ತೆ ರಥದ ವಿಷಯಕ್ಕೆ ಬರ್ತೀನಿ. ಗರುಡ ಕರೆಕ್ಟಾಗಿ ಆ ಹೊತ್ತಿಗೆ ಹೇಗೆ ಬರುತ್ತೆ ಅಂತ ತುಂಬಾ ಜನ ಕೇಳ್ತಾರೆ. ನನಗೆ ತಿಳಿದಷ್ಟು ಹೇಳ್ತೀನಿ. ರಥ ಎಳೆಯೋ ಮುಹೂರ್ತ ಹೆಚ್ಚಾಗಿ ನಡು ಮಧ್ಯಾಹ್ನ. ಅಷ್ಟೊತ್ತಿಗೆ ನೆಲ ಕಾದು ಬಿಸಿಗಾಳಿ ಕಂಬದ ಹಾಗೆ ಮೇಲೇಳುತ್ತೆ, ಹದ್ದು ಗರುಡ ಎಲ್ಲ ಅದರ ಮೇಲೆ ಹತ್ತಿ ರೆಕ್ಕೆ ಬಡೀದೇ ಸುತ್ತು ಹಾಕ್ತಾ ಎತ್ತರಕ್ಕೆ ಹೋಗ್ತವೆ, ತೆರೆದ ರಥಬೀದಿ ಬೇರೆ ಚೆನ್ನಾಗಿ ಕಾಯುತ್ತೆ. ದೇವಸ್ಥಾನದ ಹತ್ತಿರ ಕೆರೆಯೋ ಹೊಳೆಯೋ ಇದ್ದೇ ಇರುತ್ತೆ, ಗರುಡ ಇರೋದೂ ಅಲ್ಲೇ. ಹಾಗಾಗಿ ಬರುತ್ತೆ. ಇದು ಗೊತ್ತಾದ ಮೇಲೂ ಅದು ಬಂದಾಗ ನನ್ನ ಕೈ ತಾನಾಗೇ ಮೇಲೆ ಹೋಗುತ್ತೆ, ಬಿಸಿಗಾಳಿಗೂ ಭಕ್ತಿಗೂ ಜಗಳ ಹಚ್ಚೋ ಅಗತ್ಯ ನನಗೆ ಯಾವತ್ತೂ ಕಂಡಿಲ್ಲ. ನನ್ನ ಚಿಂತೆ ಬೇರೆ. ಪಕ್ಕದ ಕೆರೆ ಹೂಳು ತುಂಬಿ, ಕೊಳಚೆ ಸೇರಿ, ಆಮೇಲೆ ಲೇಔಟ್ ಆದ್ರೆ ಗರುಡ ಎಲ್ಲಿಂದ ಬರಬೇಕು? ಬರೋದು ಹದ್ದು ಮಾತ್ರ, ಅದು ಊರಿನ ಕಸದ ಮೇಲೂ ಬದುಕುತ್ತೆ.

ಗೂಡಿನ ಬಗ್ಗೆ ಒಂದು ನೋವಿನ ವಿಷಯ ಇದೆ. ನಮ್ಮಲ್ಲಿ ಡಿಸೆಂಬರಿಂದ ಏಪ್ರಿಲ್‌ವರೆಗೆ ಇವು ಮರಿ ಮಾಡೋ ಕಾಲ. ಎತ್ತರದ ಮರದಲ್ಲಿ ಕಡ್ಡಿ ಪೇರಿಸಿ, ಮಧ್ಯೆ ಬಟ್ಟಲ ಹಾಗೆ ಮಾಡಿ ಎಲೆ, ಬಟ್ಟೆ ಚೂರು ಅದು ಇದು ಹಾಸ್ತವೆ. ಗಂಡು ಹೆಣ್ಣು ಎರಡೂ ಸೇರಿ ಕಟ್ಟೋದು, ಮರಿಗೆ ತಿನ್ಸೋದೂ ಎರಡೂ. ವರ್ಷ ವರ್ಷವೂ ಅದೇ ಜಾಗಕ್ಕೆ ಬರೋದು ಇವುಗಳ ಸ್ವಭಾವ. ನಾನು ನಾಲ್ಕು ವರ್ಷ ಒಂದೇ ಅರಳಿಮರದಲ್ಲಿ ಒಂದು ಜೋಡಿಯನ್ನ ನೋಡಿದೆ, ಕೆರೆ ಏರಿ ಪಕ್ಕದ್ದು. ಐದನೇ ವರ್ಷ ರಸ್ತೆ ಅಗಲ ಮಾಡೋಕೆ ಆ ಮರ ಹೋಯ್ತು, ಮಳೆಗಾಲದಲ್ಲಿ ಕಡಿದ್ರು, ಗೂಡು ಖಾಲಿ ಇತ್ತು ಅನ್ನೋದೊಂದೇ ಸಮಾಧಾನ. ಡಿಸೆಂಬರಲ್ಲಿ ಜೋಡಿ ಬಂತು. ಒಂದು ಹಕ್ಕಿ ಬಾಯಲ್ಲಿ ಕಡ್ಡಿ ಹಿಡ್ಕೊಂಡು ಮರ ಇದ್ದ ಜಾಗದ ಮೇಲೆ, ಬರೀ ಗಾಳಿಯಲ್ಲಿ, ಸುಮಾರು ಹೊತ್ತು ಸುತ್ತಿತು. ಆಮೇಲೆ ಕಡ್ಡಿ ಬಿಟ್ಟುಬಿಡ್ತು. ಅದು ಬಿದ್ದಿದ್ದು ಹೊಸ ಜಲ್ಲಿ ಮೇಲೆ. ನಾನು ಗಾಡಿ ಸ್ಟ್ಯಾಂಡ್ ಹಾಕಿ ಅಲ್ಲೇ ಕೂತ್ಬಿಟ್ಟೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಆ ವರ್ಷ ಅವು ಗೂಡು ಕಟ್ಟಲಿಲ್ಲ, ಮುಂದಿನ ವರ್ಷ ಕೆರೆಯ ಆಚೆ ದಡದ ಗೋಣಿಮರ ಹಿಡಿದ್ವು.

ಗಾಳಿಪಟದ ನೈಲಾನ್ ಮಾಂಜಾ ಇನ್ನೊಂದು ಪಿಡುಗು. 2017ರಲ್ಲೇ ಹಸಿರು ನ್ಯಾಯಮಂಡಳಿ ದೇಶಕ್ಕೆಲ್ಲ ನಿಷೇಧ ಹಾಕಿದೆ, ಆದ್ರೂ ಮರದ ತುದಿಗಳಲ್ಲಿ ನೇತಾಡ್ತಾನೇ ಇರುತ್ತೆ, ರೆಕ್ಕೆಗೆ ಸುತ್ಕೊಂಡ್ರೆ ಮೂಳೆವರೆಗೂ ಕೊಯ್ಯುತ್ತೆ. ಪ್ರಪಂಚದ ಲೆಕ್ಕದಲ್ಲಿ ಗರುಡನಿಗೆ ಸದ್ಯಕ್ಕೆ ಅಪಾಯ ಇಲ್ಲ, ಆದ್ರೆ ಒಂದು ಕಾಲಕ್ಕೆ ಸಾಮಾನ್ಯವಾಗಿದ್ದ ಜಾವಾ ದ್ವೀಪದಲ್ಲಿ ಈಗ ಕಾಣೋದೇ ಅಪರೂಪ. ಲಾಂಛನ ಮಾಡ್ಕೊಂಡ ಜಕಾರ್ತ ಇರೋದೂ ಅದೇ ದ್ವೀಪದಲ್ಲೇ.

ಕೊನೆಗೆ ಮರಿ ಗರುಡ. ಇದನ್ನ ಹೇಳದೇ ನನಗೆ ಸಮಾಧಾನ ಇಲ್ಲ. ಗೂಡು ಬಿಟ್ಟ ಮರಿಗೆ ಕುಂಕುಮವೂ ಇಲ್ಲ ಮಲ್ಲಿಗೆಯೂ ಇಲ್ಲ, ಪೂರ್ತಿ ಮಾಸಲು ಕಂದು, ಮೈಮೇಲೆ ಅಲ್ಲಲ್ಲಿ ತಿಳಿ ಚುಕ್ಕೆ, ಥೇಟ್ ಹದ್ದಿನ ಹಾಗೆ. ಬಣ್ಣ ಪೂರ್ತಿ ತಿರುಗೋಕೆ ಎರಡು ಮೂರು ವರ್ಷ ಬೇಕು. ಅಲ್ಲಿವರೆಗೆ ಇದಕ್ಕೆ ಯಾರೂ ಕೈ ಮುಗಿಯಲ್ಲ, ಯಾರೂ ಕೆನ್ನೆ ಮುಟ್ಕೊಳ್ಳಲ್ಲ, ಅಂಗಳದಲ್ಲಿ ಕೋಳಿಮರಿ ಇದ್ರೆ ಹುಷ್ ಅಂತ ಕಲ್ಲು ಬೀಸ್ತಾರೆ. ಬಾಲ ಒಂದೇ ಗುರುತು. ಅಜ್ಜಿ ಹೇಳಿದ ಬೀಸಣಿಗೆ, ಅದು ಮರಿಯಲ್ಲೂ ದುಂಡಗೇ ಇರುತ್ತೆ.

ಹೋದ ತಿಂಗಳು ಅದೇ ಗೋಣಿಮರದ ಹತ್ತಿರ ಅಂಥ ಒಂದು ಕಂದು ಮರಿ ನೋಡಿದೆ. ಮರದಿಂದ ಒಂದು ಎಲೆ ಕಿತ್ಕೊಂಡು ಕೆರೆ ಮೇಲೆ ಹೋಯ್ತು, ಎತ್ತರದಲ್ಲಿ ಬಿಟ್ಟುಬಿಡ್ತು, ಎಲೆ ತಿರುಗ್ತಾ ಬೀಳುವಾಗ ಕೆಳಗೆ ಎರಗಿ ಹಿಡಿಯೋಕೆ ಹೋಯ್ತು, ತಪ್ಪಿತು, ಮತ್ತೆ ತಿರುಗಿ ಬಂದು ನೀರಿಗೆ ಬೀಳೋ ಮುಂಚೆ ಕಾಲಲ್ಲಿ ಹಿಡೀತು. ಗರುಡನ ಮರಿಗಳು ಹೀಗೆ ಆಡ್ತವೆ ಅಂತ ಓದಿದ್ದೆ, ಕಣ್ಣಾರೆ ಕಂಡಿದ್ದು ಅದೇ ಮೊದಲು. ಮತ್ತೆ ಮೇಲೆ ಒಯ್ದು ಬಿಡ್ತು, ಮತ್ತೆ ಹಿಡೀತು. ಐದಾರು ಸಲ. ಏರಿ ಮೇಲೆ ವಾಕಿಂಗ್ ಬರೋರು ನಡ್ಕೊಂಡು ಹೋಗ್ತಾನೇ ಇದ್ರು, ಒಬ್ಬ ಹುಡುಗಿ ಮಾತ್ರ, ಎಂಟು ಹತ್ತು ವರ್ಷ ಇರಬಹುದು, ನನ್ನ ಪಕ್ಕ ಬಂದು ನಿಂತು "ಅದು ಹದ್ದಾ ಅಂಕಲ್?" ಅಂದ್ಳು. "ಬಾಲ ನೋಡು ಪುಟ್ಟಾ" ಅಂತ ಬೈನಾಕ್ಯುಲರ್ ಅವಳ ಕೈಗೆ ಕೊಟ್ಟೆ. ಫೋಕಸ್ ಮಾಡ್ಕೊಳ್ಳೋಕೆ ಅವಳಿಗೆ ಸ್ವಲ್ಪ ಹೊತ್ತು ಹಿಡೀತು, ಅಷ್ಟರಲ್ಲಿ ಮರಿ ಇನ್ನೊಂದು ಎಲೆ ತರೋಕೆ ಮರಕ್ಕೆ ಹೋಗಿತ್ತು.